ಕರಿಯಯ್ಯನ ಪೀಠ

ಬೆಸಗರಹಳ್ಳಿ
೧೦-೨-೧೯೪೪

ರಾಮಲಿಂಗನಿಗೆ ನಿನ್ನ ಅಣ್ಣನ ಆಶೀರ್ವಾದ.

ಬ್ಯಾಸರ ಮಾಡ್ಕಬೇಡ, ಮತ್ತೆ ಮೊದ್ಲಿಂದ ಬರೀತಿದ್ದೀನಿ. ಎರಡು ಕಾಗ್ದ ಬರೀ ಬೈಗುಳಾನೆ ಆಗಿ ಹರಿದಾಕ್ದೆ.

ಕಾಲೇಜಲ್ಲಿ ಅಪ್ಪನ ಹೆಸರಲ್ಲಿ ಪೀಠ ಮಾಡ್ಸಾನ ಅಂತ ನೀನಂದಾಗ, ನಾನು ಹಲಸಿನ ಮರ ಕುಯ್ಸಿ ಕುರ್ಚಿ ಮಾಡ್ಸಕೆ ಹೊಂಟಿದ್ದೆ. ನೀನು ನಕ್ಕೆ. "ಪೀಠ ಅಂದ್ರೆ ಕೂರೋದಲ್ಲ ಕಣಣ್ಣ, ಹುದ್ದೆ. ಅದ್ರಲ್ಲಿರೋನ್ನ ಎಷ್ಟು ತಲೆಮಾರಾದ್ರೂ 'ಕರಿಯಯ್ಯ ಪ್ರೊಫೆಸರು' ಅಂತಲೇ ಕರೀಬೇಕು" ಅಂದೆ. ಆ ಮಾತಿಗೇ ನಾನು ನಾಲೆ ಪಕ್ಕದ ಗದ್ದೆ ಕಾಲೇಜಿಗೆ ಬರ್ಕೊಟ್ಟೆ. ಆ ಹುದ್ದೆ ನಿಂಗೇ ಸಿಕ್ದಾಗ ಊರಿಗೆಲ್ಲ ಬೆಲ್ಲ ಹಂಚ್ದೆ.

ನೆನ್ನೆ ಮಂಡ್ಯದಲ್ಲಿ ನಿನ್ನ ಭಾಷಣದ ಕರಪತ್ರ ಸಿಕ್ತು. "ಪ್ರೊಫೆಸರ್ ಕೆ. ರಾಮಲಿಂಗಯ್ಯ, ಎಂ.ಎ." ಅಷ್ಟೇ. ಅಚ್ಚಿನ ತಪ್ಪು ಅನ್ಕಂಡು ಅಚ್ಚುಕೂಟದ ಪಾಷಾನ್ನ ಕೇಳ್ದೆ. "ನಿಮ್ ತಮ್ಮ ಸಾಹೇಬ್ರೇ 'ಕರಿಯಯ್ಯ ಪ್ರೊಫೆಸರು' ಅನ್ನೋದನ್ನ ಹೊಡೆದಾಕಿದ್ರು, ಹಳ್ಳಿ ಹೆಸರು ಚೆನ್ನಾಗ್ ಕಾಣಲ್ವಂತೆ" ಅಂದ. ಅಪ್ಪನ್ನ 'ಕೆ.' ಅಂತ ಒಂದಕ್ಷರ ಮಾಡ್ಬುಟ್ಯಲ್ಲೋ.

ಗದ್ದೆ ವಾಪಸ್ ಕೇಳಲ್ಲ. ಭಾನುವಾರ ಭಾಷಣಕ್ಕೆ ಮುಂಚೆ ನಿನ್ನ ಹುದ್ದೆ ಹೆಸರು ಪೂರ್ತಿ ಹೇಳ್ಸು. ಅವ್ವನೂ ಬತ್ತಾಳೆ.

ಅವ್ವ ಒಳಗಿಂದ ಕೂಗ್ತಾವ್ಳೆ, "ಚಿಕ್ಕೋನ ಹೆಸ್ರು ಅಚ್ಚಾಗೈತಂತಲ್ಲ, ಓದೇಳ್ಲಾ" ಅಂತ. ನಿಲ್ಲಿಸ್ತೀನಿ. ಈ ಸಲ ಅಪ್ಪನ ಹೆಸ್ರ ನಾನೇ ಸೇರಿಸಿ ಓದ್ತೀನಿ.

ನಿನ್ನ ಅಣ್ಣ
ಪುಟ್ಟಮಾದಯ್ಯ