ರಿಯಾದ್ ಗಡಿಯಾರ

ಶಿಕಾರಿಪುರ
9 ನವೆಂಬರ್ 2024

ಮಗಳು ರುಕ್ಸಾನಾಳಿಗೆ ಅಬ್ಬಾನ ಸಲಾಂ.

ಐ ಆ್ಯಮ್ ಕ್ವೈಟ್ ವೆಲ್ ಅಂಡ್ ಹೋಪ್ ದಿ ಸೇಮ್ ಫ್ರಮ್ ಯೂ. ಕಾಲೇಜಿನಲ್ಲಿ ಕಲಿತ ಲೆಟರ್ ರೈಟಿಂಗ್‌ನಲ್ಲಿ ಉಳಿದಿರುವುದು ಇದೊಂದೇ ಸಾಲು, ಅದೂ ಪೂರ್ತಿ ನಿಜವಲ್ಲ. ಸಾದಿಯಾಳ ನಿಕಾಹ್‌ಗೆ ಬರುವುದಿಲ್ಲವೆಂದು ನೀನು ಫೋನಿಟ್ಟು ಇಪ್ಪತ್ತು ದಿನವಾಯಿತು. ಅಂದಿನಿಂದ ನಾಲ್ಕು ಸಲ ಬರೆದು ಹರಿದೆ. ತಡವಾದದ್ದಕ್ಕೆ ಅಂಚೆಯವನನ್ನು ಬೈಯಬೇಡ.

ಮೊನ್ನೆ ನಿನ್ನ ಮಾಮೂ ಮೊಯಿನ್ ಸೊರಬದಿಂದ ಮಗಳ ಮದುವೆಯ ಕಾರ್ಡ್ ಹಿಡಿದು ಬಂದಿದ್ದ. ನಿನ್ನ ಮತ್ತು ಅಳಿಯ ರಿಹಾನನ ಹೆಸರನ್ನು ತಾನೇ ಬರೆದಿದ್ದ. "ಭಾವಾ, ಅವ್ಳು ನಂಗೆ ಎಷ್ಟು ಬೇಕಾದ್ರೂ ಬೈಲಿ. ಬಂದು ಬೈಲಿ. ಸಾದಿಯಾಗೆ ಮೆಹಂದಿ ಹಚ್ಚೋಕೆ ಅಕ್ಕನೇ ಬೇಕಂತೆ" ಎಂದ. "ನೀನೇ ಹಚ್ಚೋ, ಸೊರಬದ ಗೋಡೆಗೆಲ್ಲಾ ಪೇಂಟ್ ಹೊಡ್ಯೋನಲ್ವಾ?" ಎಂದೆ. ನಕ್ಕ. ಆಮೇಲೆ ನಮ್ಮ ಗೋಡೆಯ ಕಡೆ ತಿರುಗಿದ.

ಅಲ್ಲಿ ಎರಡು ಗಡಿಯಾರ ಇನ್ನೂ ಇವೆ. ನೀನು ರಿಯಾದಿನಲ್ಲಿ ನರ್ಸ್ ಕೆಲಸಕ್ಕೆ ಸೇರಿದ ವರ್ಷ ನನ್ನ ರಿಪೇರಿ ಅಂಗಡಿಯಿಂದ ತಂದು ಹಾಕಿದ್ದು: ಒಂದು ನಮ್ಮದು, ಇನ್ನೊಂದು ಎರಡೂವರೆ ಗಂಟೆ ಹಿಂದಿರುವ ನಿನ್ನದು. "ಅಮ್ಮಿ, ಎಂಟಕ್ಕೆ ಮಾಡ್ತೀನಿ" ಎಂದು ನೀನಂದರೆ ನಿನ್ನಮ್ಮಿ ನಮ್ಮ ಹತ್ತೂವರೆಗೆ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂರುವಳು. ಆರು ವರ್ಷ, ನೀನು ಹೇಳಿದ ಹೊತ್ತಿಗೆಲ್ಲ ಎರಡೂವರೆ ಸೇರಿಸಿಕೊಂಡೇ ಬದುಕಿದೆವು. ನಿನ್ನ ಗಡಿಯಾರಕ್ಕೆ ಈಗಲೂ ಸೆಲ್ ಹಾಕುತ್ತೇನೆ.

ಪಿಯುಸಿಯಲ್ಲಿ ನಮ್ಮ ಲೆಕ್ಚರರ್ "ಟೈಮ್ ಈಸ್ ಈಕ್ವಲ್ ಟು ಡಿಸ್ಟೆನ್ಸ್ ಬೈ ಸ್ಪೀಡ್" ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದರು. ರಿಯಾದಿನಿಂದ ಬೆಂಗಳೂರಿಗೆ ಸುಮಾರು ಮೂರೂವರೆ ಸಾವಿರ ಕಿಲೋಮೀಟರ್, ವಿಮಾನಕ್ಕೆ ಐದು ಗಂಟೆ. ಅಲ್ಲಿಂದ ಇಲ್ಲಿಗೆ ಅದರ ಹತ್ತರಲ್ಲೊಂದು ಪಾಲು, ಟ್ಯಾಕ್ಸಿಗೆ ಏಳು ಗಂಟೆ. ಈ ಲೆಕ್ಕವನ್ನು ಏಪ್ರಿಲ್‌ನಿಂದ ಎಷ್ಟು ಸಲ ಮಾಡಿದೆನೋ.

ಮದುವೆ ಡಿಸೆಂಬರ್ ಇಪ್ಪತ್ತೆರಡು, ಭಾನುವಾರ. ಮಾಮೂನ ಹೊಸ್ತಿಲು ತುಳಿಯಲ್ಲ ಎಂದ ಮಾತನ್ನು ಹಿಂದಕ್ಕೆ ತಗೋ, ಮಗಳೇ. ಅಲ್ಲಾಹ್ ನಿಮ್ಮಿಬ್ಬರ ದಾರಿಯನ್ನೂ ಹಗುರ ಮಾಡಲಿ.

ನಿನ್ನ ಅಬ್ಬಾ,
ವಲೀಸಾಬ್

ವಿ.ಸೂ.: ಬರೆಯಬೇಕಾಗಿದ್ದು ಇದು. ಏಪ್ರಿಲ್‌ನಲ್ಲಿ ಅಮ್ಮಿ ತೀರಿಕೊಂಡ ಸಂಜೆ ನೀನು ಟಿಕೆಟ್ ನೋಡಿ "ಬೆಂಗಳೂರಿಗೆ ಬೆಳಗ್ಗೆ ಎಂಟೂವರೆ" ಎಂದೆ. ಟಿಕೆಟ್ಟಿನಲ್ಲಿ ಇಳಿಯುವ ಊರಿನ ಹೊತ್ತೇ ಇರುತ್ತದೆಂದು ನನಗೆ ಹೊಳೆಯಲಿಲ್ಲ. ಅಭ್ಯಾಸದಂತೆ ಎರಡೂವರೆ ಸೇರಿಸಿ ಹನ್ನೊಂದು ಮಾಡಿದೆ. ಹಾಗಾದರೆ ನೀನು ಮನೆ ಮುಟ್ಟುವಾಗ ಸೂರ್ಯ ಮುಳುಗುತ್ತಾನೆ. ಆ ಬಿಸಿಲಲ್ಲಿ ಅಷ್ಟು ಹೊತ್ತು ಮಯ್ಯತ್ತನ್ನು ಮಣ್ಣು ಮಾಡದೆ ಇಡುವಂತಿರಲಿಲ್ಲ. ನೀನು ಇಳಿದು ಡ್ರೈವರನ ಫೋನಿನಿಂದ ಮಾಡಿದಾಗ ನನ್ನ ಮೊಬೈಲು ಚಾರ್ಜಿಲ್ಲದೆ ಬಿದ್ದಿತ್ತು. "ಸಂಜೆ ಅಸರ್ ನಮಾಜಿನ ತನಕ ಕಾಯಣ ಭಾವಾ, ಜಮಾತಿನವ್ರನ್ನ ನಾನು ಒಪ್ಪಿಸ್ತೀನಿ" ಎಂದು ಮೊಯಿನ್ ನನ್ನ ಕೈ ಹಿಡಿದ. "ಕಾದ್ರೂ ಅವ್ಳು ಮುಟ್ಟಲ್ಲ, ಲೆಕ್ಕ ಹಾಕಿದೀನಿ, ಎತ್ಸು" ಎಂದವನು ನಾನು. ಮರುದಿನ ಮಧ್ಯಾಹ್ನ ಎರಡು ಗಂಟೆಗೆ ಎತ್ತಿದೆವು. ನೀನು ನಾಲ್ಕೂಕಾಲಿಗೆ, ಅಸರ್‌ಗೆ ಮುಂಚೆಯೇ ಬಂದೆ. ಎತ್ತಿಸಿದ್ದು ಮಾಮೂ ಎಂದು ಯಾರೋ ಹೇಳಿದರು, ನೀನು ಅವನ ಕಾಲರ್ ಹಿಡಿದೆ. ಅವನು ಒಮ್ಮೆ ನನ್ನ ಕಡೆ ನೋಡಿ ತಲೆ ತಗ್ಗಿಸಿದ. ನಾನು ಬಾಯಿ ಬಿಡಲಿಲ್ಲ.

ಮೊದಲು ಇಲ್ಲಿಗೆ ಬಂದು ನನಗೆ ಬೈ. ಆಮೇಲೆ ಸೊರಬಕ್ಕೆ ಹೋಗು. ಸಾದಿಯಾ ಕೈ ಚಾಚಿ ಕೂತಿರುತ್ತಾಳೆ.