ಹೆಚ್ಚಿಗೆ ಬೆಳಗಿದ ಹೆಡ್‌ಲೈಟು

ಅಪ್ಪಾ,

ನಿನ್ನ ಕಾರಿಗೆ ಏನಾಗಿತ್ತು ಅಂತ ಗೊತ್ತಾಗಿದೆ. ನೀನು ಹೋಗಿ ಏಳು ತಿಂಗಳಾದ ಮೇಲೆ. ಮೊದಲು ನಿನಗೇ ಹೇಳಬೇಕಿತ್ತು, ಆದರೆ ಬೇರೆಯವರಿಗೆಲ್ಲ ಹೇಳಿ ಮುಗಿಸಿ ಈಗ ನಿನಗೆ ಬರೆಯಲು ಕೂತಿದ್ದೇನೆ. ಧೈರ್ಯ ಸಾಲಲಿಲ್ಲ, ಅದಕ್ಕೆ.

ಈ ಬೇಸಿಗೆ ಶುರುವಾದಾಗ ನೀನು ಬಾನೆಟ್ ಎತ್ತಿ ಬ್ಯಾಟರಿಗೆ ನೀರು ಹಾಕುತ್ತಿದ್ದದ್ದು ಕಣ್ಣಿಗೆ ಕಟ್ಟಿದಂತಿದೆ. ತಿಂಗಳಿಗೊಮ್ಮೆ ಹಾಕುತ್ತಿದ್ದವನು ವಾರಕ್ಕೊಮ್ಮೆ ಹಾಕತೊಡಗಿದೆ, ಆಮೇಲೆ ಮೂರು ದಿನಕ್ಕೊಮ್ಮೆ. "ಯಾಕೋ ಇದಕ್ಕೆ ಬಾಯಾರಿಕೆ ಜಾಸ್ತಿ ಆಗೈತೆ" ಅಂತ ನೀನು ನಗುತ್ತಿದ್ದೆ. ಎಣ್ಣೆ ಮಿಲ್ಲಿನ ಸಾಹುಕಾರರ ಹತ್ತಿರ ಇಪ್ಪತ್ತು ವರ್ಷ ಓಡಿಸಿ, ಕೊನೆಗೆ ಅವರಿಂದಲೇ ಕೊಂಡುಕೊಂಡ ಹಸಿರು ಕಾರು. ವಯಸ್ಸಿನಲ್ಲಿ ನನಗಿಂತ ಎಷ್ಟೋ ದೊಡ್ಡದು. ಅದು ನೀರು ಕುಡಿದರೆ ಚಳ್ಳಕೆರೆಯ ಬಿಸಿಲಿನ ತಪ್ಪು ಅಂದುಕೊಂಡೆವು. ಬೇರೆ ಏನಾದರೂ ಇರಬಹುದು ಅಂತ ಯಾರಿಗಾದರೂ ಯಾಕೆ ಹೊಳೆಯಲಿಲ್ಲ?

ಆ ದಿನಗಳಲ್ಲೇ ಬಲ್ಬುಗಳು ಒಂದೊಂದಾಗಿ ಹೋಗತೊಡಗಿದವು. ಹಿಂದಿನ ದೀಪ ಒಂದೇ ತಿಂಗಳಲ್ಲಿ ಎರಡು ಸಲ. ಹಾರ್ನು ಮೊದಲಿನ ಹಾಗೆ ಕೂಗುವುದು ಬಿಟ್ಟು ಕಿರುಚುತ್ತಿತ್ತು. ಬಾನೆಟ್ ತೆಗೆದರೆ ಕೊಳೆತ ಮೊಟ್ಟೆಯ ವಾಸನೆ. ಅವ್ವ ಮೂಗಿಗೆ ಸೆರಗು ಹಿಡಿದು, "ಈ ವಾಸ್ನೆ ನನಗ್ಯಾಕೋ ಸರಿ ಕಾಣವಲ್ದು, ಯಾರಿಗಾದ್ರೂ ತೋರ್ಸು" ಅಂದಳು. ನೀನು ಕೇಳಬೇಕಲ್ಲ. "ಲೈಟು ಹೆಂಗೆ ಹೊಡೀತಾವೆ ನೋಡು. ಹೊಸ ಕಾರಿಗೂ ಇಂಥ ಬೆಳಕಿಲ್ಲ. ಚಾರ್ಜಿಂಗ್ ಭಾಳ ಚೆನ್ನಾಗೈತೆ" ಅಂದೆ. ಐಟಿಐ ಮುಗಿಸಿ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಕೆಲಸಕ್ಕಿದ್ದ ನನಗೂ ಒಳಗೊಳಗೇ ಅಳುಕಿತ್ತು. "ಭಾನುವಾರ ಅಂಗಡಿಯಿಂದ ಮೀಟರ್ ತರ್ತೀನಪ್ಪಾ, ಎಷ್ಟು ವೋಲ್ಟು ಬರ್ತೈತೆ ನೋಡೋಣ" ಅಂದೆ. "ತಾರವ್ವ" ಅಂದೆ ನೀನು. ಅದು ಬುಧವಾರ. ಭಾನುವಾರದ ತನಕ ನೀನು...

ಶುಕ್ರವಾರ ಮುಸ್ಸಂಜೆ ನೇಕಾರ ನರಸಿಂಹಪ್ಪ ಬಸ್ಸು ತಪ್ಪಿಸಿಕೊಂಡು ನಿಮ್ಮ ಟ್ಯಾಕ್ಸಿ ಸ್ಟ್ಯಾಂಡಿಗೆ ಬಂದರಂತೆ. ಮೊಳಕಾಲ್ಮುರಿಗೆ ನೀನು ಕರೆದುಕೊಂಡು ಹೊರಟೆ. ದಾರಿಯಲ್ಲಿನ ಹಾನಗಲ್ ಹಳ್ಳಿ ದಾಟಿದ ಮೇಲೆ, ಬಂಡೆಗಳ ನಡುವಿನ ತಿರುವಿನಲ್ಲಿ ಕಾರು ತಿರುಗಲೇ ಇಲ್ಲ. ನೀನು ಅಲ್ಲೇ ಹೋದೆ. ನರಸಿಂಹಪ್ಪನವರ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಇದು ನಿನಗೆ ಗೊತ್ತಿಲ್ಲ. ಕುಣಿಮಗ್ಗದಲ್ಲಿ ಕಾಲಿಂದ ತುಳಿದು ರೇಷ್ಮೆ ಸೀರೆ ನೇಯುತ್ತಿದ್ದ ಮನುಷ್ಯ.

ಸೀಟಿನ ಕೆಳಗೆ ಒಂದು ಬ್ರಾಂದಿ ಬಾಟಲಿ ಸಿಕ್ಕಿತು. ಮುಂದಿನದನ್ನು ಹೇಳಬೇಕಾ? ಪೊಲೀಸರು ಕಾಗದದಲ್ಲಿ ಬರೆದದ್ದು ಬರೀ ಅಜಾಗರೂಕತೆ ಅಂತ. ಸ್ಟ್ಯಾಂಡಿನಲ್ಲಿ ರುದ್ರಣ್ಣ, "ಸಂಜೆಗೇ ಏರಿಸ್ಕೊಂಡಿದ್ದ ಕಣ್ರೋ" ಅಂದನಂತೆ. ಹತ್ತು ವರ್ಷ ನಿನ್ನ ಪಕ್ಕದಲ್ಲೇ ಗಾಡಿ ನಿಲ್ಲಿಸಿದವನು. ಅವ್ವ ನಲ್ಲಿಗೆ ಹೋದರೆ ಅಲ್ಲಿದ್ದ ಹೆಂಗಸರ ಮಾತು ನಿಂತುಬಿಡುತ್ತಿತ್ತು. ಕೊನೆಗೆ ಅವಳು ನೀರಿಗೆ ಹೋಗುವುದನ್ನೇ ಬಿಟ್ಟಳು.

ನಿನ್ನ ತಿಥಿಯ ದಿನ, ಆ ತಿರುವಿನ ಹತ್ತಿರ ಕುರಿ ಮೇಯಿಸುವ ಅಜ್ಜನೊಬ್ಬ ಮನೆ ಹುಡುಕಿಕೊಂಡು ಬಂದ. "ತಾಯೀ, ನಾನು ಕಂಡೀನಿ. ಲೈಟು ಒಂದ್ ಸಲಕ್ಕೆ ಹಾಲಿನಂಗೆ ಬೆಳ್ಳಗಾಗಿ, ಎರಡೂ ಪಟ್ ಅಂತ ಆರಿದ್ವು. ಆಮ್ಯಾಲೆ ಸದ್ದು ಕೇಳ್ತು" ಅಂದ. ದುಃಖದ ಮನೆಯಲ್ಲಿ ಯಾರು ಅದನ್ನು ಕಿವಿಗೆ ಹಾಕಿಕೊಳ್ಳುತ್ತಾರೆ? ನಾನು ಮಾತ್ರ ಆ ಮಾತನ್ನು ಬಿಡಲಾಗದೆ ಒದ್ದಾಡಿದೆ. ದೀಪ ಆರುವ ಮುಂಚೆ ಮಂಕಾಗಬೇಕು. ಬೆಳ್ಳಗೆ ಯಾಕಾಗುತ್ತದೆ?

ಸ್ಟೇಷನ್ನಿನಿಂದ ಕಾರು ಬಿಡುಗಡೆಯಾದ ಮೇಲೆ, ಕಾರುಗಳ ವೈರಿಂಗ್ ಮಾಡುವ ಅನ್ವರ್ ಚಾಚಾರ ಶೆಡ್ಡಿಗೆ ಎಳೆಸಿಕೊಂಡು ಹೋದೆ. ಬಲಗಡೆಯ ಹೆಡ್‌ಲೈಟು ಪುಡಿಯಾಗಿತ್ತು. ಎಡಗಡೆಯದು ಉಳಿದಿತ್ತು. ಬಲ್ಬು ಬಿಚ್ಚಿ ಬಿಸಿಲಿಗೆ ಹಿಡಿದರೆ ಗಾಜಿನ ಒಳಗೆಲ್ಲ ಮಸಿ ಹಿಡಿದಂತೆ ಕಪ್ಪು. ಚಾಚಾ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. "ಬೇಟಿ, ಇದು ಏಟಿಗೆ ಹೋಗಿದ್ದಲ್ಲ. ಸುಟ್ಟೋಗಿರೋದು. ಒಂದು ಸುಟ್ಟರೆ ಅದರ ಪಾಲಿನ ಕರೆಂಟೂ ಇನ್ನೊಂದರ ತಲೆ ಮ್ಯಾಲೆ ಬೀಳ್ತೈತೆ." ಆಮೇಲೆ ಸೀಟಿನ ಕೆಳಗೇ ಉಳಿದಿದ್ದ ಬಾಟಲಿಯ ಮುಚ್ಚಳ ತೆಗೆದು ಮೂಸಿದರು. "ಬ್ಯಾಟರಿ ನೀರು. ನಿಮ್ಮಪ್ಪ ನನ್ನ ಹತ್ರಾನೇ ತುಂಬಿಸ್ಕೊಂಡು ಹೋಗಿದ್ದು" ಅಂದರು.

ಎರಡು ದಿನ ಒಂದೊಂದನ್ನೇ ನೋಡುತ್ತಾ ಹೋದೆವು. ಬೆಲ್ಟು ಬಿಗಿಯಾಗಿತ್ತು. ಬ್ಯಾಟರಿಗೆ ಕರೆಂಟು ಕೊಡುವ ಡೈನಮೋ ಬಿಚ್ಚಿದರೆ ಬ್ರಷ್ಷುಗಳು ಸರಿಯಾಗಿದ್ದವು. "ಎಲ್ಲಾ ಚೆನ್ನಾಗೈತೆ. ಅದೇ ನಂಗೆ ಹೆದರಿಕೆ" ಅಂದರು ಚಾಚಾ. ಉಳಿದದ್ದು ಎಂಜಿನ್ನಿನ ಹಿಂದಿನ ತಗಡಿಗೆ ಕೂರಿಸಿದ ಕಟೌಟ್ ಡಬ್ಬಿ ಒಂದೇ. ಡೈನಮೋ ಎಷ್ಟು ಕೊಡಬೇಕು ಅಂತ ಹಿಡಿತದಲ್ಲಿಡುವುದು ಅದೇ. ಅದಕ್ಕೆ, ಒಂದು ವೈರು ಬರೀ ತಗಡಿಗೆ ತಾಗಿ, ಬಾಡಿಯ ಅರ್ತ್ ಸಿಗಬೇಕು. ಸಿಗದಿದ್ದರೆ ಅದು ಕಣ್ಣು ಕಳೆದುಕೊಂಡಂತೆ. ಡೈನಮೋ ಹುಚ್ಚು ಕುದುರೆಯಾಗುತ್ತದೆ, ಬ್ಯಾಟರಿ ಕುದಿಯುತ್ತದೆ, ಬಲ್ಬು ಸುಡುತ್ತದೆ. ನಾನು ಅರ್ತ್ ವೈರಿಗೆ ಮೀಟರ್ ಹಿಡಿದೆ. ಮುಳ್ಳು ಅಲುಗಲಿಲ್ಲ, ಅರ್ತ್ ಸಿಕ್ಕಿರಲಿಲ್ಲ. ಸ್ಪಾನರ್ ಹಾಕಿ ಬೋಲ್ಟು ಬಿಚ್ಚಿದೆ. ವೈರಿನ ಕೆಳಗೆ ಬರೀ ತಗಡು ಹೊಳೆಯಬೇಕಿತ್ತು. ಅಲ್ಲಿ ಹಸಿರು ಬಣ್ಣವಿತ್ತು. ನುಣ್ಣಗೆ, ದಪ್ಪಗೆ, ಹೊಸದಾಗಿ.

ಅಪ್ಪಾ, ಬೇಸಿಗೆಗೆ ಮುಂಚೆ ನನ್ನನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆಂದು ನೀನು ಕಾರಿಗೆ ಬಣ್ಣ ಹೊಡೆಸಿದ್ದೆಯಲ್ಲ. ಬಣ್ಣ ಒಣಗಿದ ಮೇಲೆ, ಬಿಚ್ಚಿಟ್ಟಿದ್ದ ಕಟೌಟ್ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, "ನೀನೇ ಎಲೆಕ್ಟ್ರಿಷಿಯನ್ ಅಲ್ವೇನವ್ವಾ, ನೀನೇ ಕೂರ್ಸು" ಅಂದೆ. ಅರ್ತ್ ಕೊಡುವ ಜಾಗದಲ್ಲಿ ಬಣ್ಣ ಕೆರೆಯಬೇಕು ಅಂತ ನಮಗೆ ಮೊದಲ ತಿಂಗಳಲ್ಲೇ ಕಲಿಸಿದ್ದರು. ಹೊಸ ಬಣ್ಣಕ್ಕೆ ಗೀರು ಹಾಕಲು ನನಗೆ ಮನಸ್ಸು ಬರಲಿಲ್ಲ. ಬೋಲ್ಟಿನ ತಿರುಪಿನಲ್ಲಿ ಮೊದಮೊದಲು ಒಂಚೂರು ತಾಗುತ್ತಿತ್ತೇನೋ. ಕಾರು ಅಲುಗಿ ಅಲುಗಿ ಅದೂ...

ಚಾಚಾ ನನ್ನ ಮುಖ ನೋಡಿದರು. "ಯಾರು ಕೂರ್ಸಿದ್ದು?"

"ನಾನೇ ಚಾಚಾ."

ಅವರು ಶೆಡ್ಡಿನ ಬಾಗಿಲು ಅರ್ಧ ಎಳೆದು, "ಈ ಮಾತು ಇಲ್ಲೇ ಬಿಡು. ಪೇಂಟರ್ ಕೂರ್ಸಿದ್ದ ಅನ್ನು. ಅವನು ಊರು ಬಿಟ್ಟು ಹೋಗ್ಯಾನೆ, ಕೇಳೋರಿಲ್ಲ" ಅಂದರು. ನನ್ನ ಮೇಲಿನ ಪ್ರೀತಿಗೇ ಅಂದದ್ದು. ನಾಲ್ಕು ದಿನ ಆ ಮಾತು ನನ್ನನ್ನು ಎಳೆದಾಡಿತು. ಪೇಂಟರ್ ಅಂದುಬಿಟ್ಟರೆ ನಿನ್ನ ಹೆಸರೂ ಉಳಿಯುತ್ತಿತ್ತು, ನನ್ನದೂ ಉಳಿಯುತ್ತಿತ್ತು. ಆದರೆ ಇನ್ನೊಬ್ಬನ ತಲೆಗೆ ಸುಳ್ಳು ಕಟ್ಟಿದರೆ ನನಗೂ ರುದ್ರಣ್ಣನಿಗೂ ಏನು ವ್ಯತ್ಯಾಸ?

ಐದನೆಯ ದಿನ ಅವ್ವನಿಗೆ ಹೇಳಿದೆ. ಅವಳು ಅಳಲಿಲ್ಲ, ಬೈಯಲಿಲ್ಲ. ಹಿತ್ತಲಿಗೆ ಹೋಗಿ ಕೂತಳು. ಮಧ್ಯಾಹ್ನ ಒಳಗೆ ಬಂದು, "ಸ್ಟ್ಯಾಂಡಿಗೆ ಹೋಗ್ತೀಯಾ? ನಾನೂ ಬರ್ತೀನಿ" ಅಂದಳು. ಡ್ರೈವರುಗಳೆಲ್ಲರ ಎದುರು ಬಾಟಲಿ, ಬಲ್ಬು, ಆ ವೈರು ಇಟ್ಟು ಹೇಳಿದೆ. ನೀನು ಕುಡಿದಿರಲಿಲ್ಲ ಅಂತ ಹೇಳಿದೆ, ಬಣ್ಣ ಕೆರೆಯದವಳು ನಾನು ಅಂತಲೂ ಹೇಳಿದೆ. ರುದ್ರಣ್ಣ ಬಾಟಲಿ ಮೂಸಿ ನೋಡಿ, ಹೆಗಲ ಮೇಲಿನ ಟವಲು ತೆಗೆದು ಕೈಯಲ್ಲಿ ಹಿಡಿದುಕೊಂಡ. "ಅತ್ತಿಗೇ, ತಪ್ಪಾತ್ರೀ" ಅಂದ. ಅವ್ವ ಅವನ ಕಡೆ ತಿರುಗಿಯೂ ನೋಡಲಿಲ್ಲ.

ನಿನ್ನೆ ಮೊಳಕಾಲ್ಮುರಿಗೆ ಹೋಗಿದ್ದೆ, ಒಬ್ಬಳೇ. ನರಸಿಂಹಪ್ಪನವರ ಹೆಂಡತಿ ತೆಲುಗಿನಲ್ಲಿ "ರಾ ಅಮ್ಮಾ" ಅಂತ ಒಳಗೆ ಕರೆದು ನೀರು ಕೊಟ್ಟರು. ನಾನು ಎಲ್ಲವನ್ನೂ ಹೇಳುವ ತನಕ ಆಕೆ ಖಾಲಿ ಮಗ್ಗದ ಪಕ್ಕದಲ್ಲಿ ನಿಂತೇ ಇದ್ದರು. ನರಸಿಂಹಪ್ಪ ಕೇಳಿದರು, "ಅಂದ್ರೆ ಬೋಲ್ಟು ಹಾಕಿದ್ದು ನೀನೇ."

"ಹೌದ್ರಿ."

"ಲೈಟು ಹೋದ ಕೂಡ್ಲೆ ನಿಮ್ಮಪ್ಪ ನನ್ನ ಎದೆಗೆ ಕೈ ಅಡ್ಡ ಕೊಟ್ಟ, ನಾನು ಮುಂದಕ್ಕೆ ಬೀಳದಂಗೆ. ಕುಡಿದವನ ಕೈ ಅಷ್ಟು ಬೇಗ ಬರಲ್ಲ. ನಂಗೆ ಗೊತ್ತಿತ್ತು. ಆದ್ರೂ ಊರವರು ಅಂದಾಗ ಸುಮ್ನಿದ್ದೆ. ಕಾಲು ಹೋದವನಿಗೆ ಬೈಯಾಕೆ ಒಬ್ಬ ಬೇಕಾಗಿತ್ತು."

ನಾನು ಹೇಗೋ ಬಾಯಿ ಬಿಟ್ಟು ಹೇಳಿದೆ, ನೂಲು ಸುತ್ತುವ ರಾಟೆಗೆ ಮೋಟಾರ್ ಕೂರಿಸಿಕೊಡುತ್ತೇನೆ, ಕೂತಲ್ಲೇ ಕೆಲಸ ಮಾಡಬಹುದು ಅಂತ. ಅವರು ಹೆಂಡತಿಯ ಮುಖ ನೋಡಿದರು. ಆಕೆ ನನ್ನ ಮುಂದಿದ್ದ ತುಂಬಿದ ಲೋಟ ಎತ್ತಿಕೊಂಡು, "ಈಕೆ ಕಟ್ಟಿದ ವೈರು ನಮ್ಮ ಮನೀಗೆ ಬ್ಯಾಡ" ಅಂದರು. ಕೂಗಲಿಲ್ಲ. ಮೆಲ್ಲಗೆ ಅಂದರು.

ಆಕೆ ಹೇಳಿದ್ದರಲ್ಲಿ ತಪ್ಪೇನಿದೆ ಅಪ್ಪಾ? ಆದರೂ ಮೊದಲೇ ಕಟ್ಟಿಟ್ಟ ಮೋಟಾರ್ ಸಿದ್ಧವಾಗಿದೆ. ಚಾಚಾ ಮೂರು ಸಲ ನೋಡಿದ್ದಾರೆ, ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಸೋಮವಾರ ಮೊದಲ ಬಸ್ಸಿಗೆ ಹೋಗುತ್ತೇನೆ. ಬಾಗಿಲು ತೆಗೆಯದಿದ್ದರೆ ಜಗಲಿಯ ಮೇಲೆ ಕೂತಿರುತ್ತೇನೆ. ಅದರ ಮುಂದಿನ ಸೋಮವಾರವೂ.

ನಿನ್ನ ರತ್ನ