ಬಿಸಿಲಿಗಿಟ್ಟ ಕಿವಿ

೨ ಅಕ್ಟೋಬರ್ ೧೯೯೭, ಬೆಳಿಗ್ಗೆ

ಹಾಲು ಡೈರಿಗೆ ಹೋಯಿತು. ತಟ್ಟೆಯನ್ನು ಹುಲ್ಲಿನ ಮೆದೆ ಮೇಲೆ ಇಟ್ಟೆ, ಮೂಡಲಿಗೆ ಮುಖ ಮಾಡಿ. ಮಧ್ಯಾಹ್ನ ಒಂದು ಸಲ ತಿರುಗಿಸಬೇಕು. ಮರೆತರೆ ಯಜಮಾನರಿಗೆ ನಾಳೆ ಕಿವಿ ಇಲ್ಲ.

ಈ ತಟ್ಟೆ ಅಳಿಯ ನಾಗರಾಜು ಮಾಡಿಕೊಟ್ಟದ್ದು. ಕೆ.ಆರ್. ಪೇಟೆಯಲ್ಲಿ ರೇಡಿಯೊ ರಿಪೇರಿ ಅಂಗಡಿ ಅವನದು. ಸೋಲಾರು ಅನ್ನುತ್ತಾನೆ. ಸ್ಲೇಟಿನಷ್ಟಗಲದ ಕಪ್ಪು ಗಾಜು, ಹಿಂದೆ ಒಂದು ಡಬ್ಬಿ. ಡಬ್ಬಿಯಲ್ಲಿ ಒಂದು ಸೆಲ್ಲು ಬಿಸಿಲು ಕುಡಿಯುತ್ತಿರುತ್ತದೆ, ಇನ್ನೊಂದು ಯಜಮಾನರ ಜೇಬಿನ ಕಿವಿ ಮಿಷನ್ನಿನಲ್ಲಿ. ಅದು ಮುಗಿದರೆ ಇದು. ಅಂಗಡಿ ಸೆಲ್ಲು ಕೂರುವುದಿಲ್ಲ, ಮಿಷನ್ನು ಬಿಚ್ಚಿ ಅಳತೆಯನ್ನೇ ಬದಲಿಸಿದ್ದಾನೆ. ಅಕ್ಕಿಹೆಬ್ಬಾಳಿನಿಂದ ನಮ್ಮ ತೋಟದ ಮನೆಗೆ ಕರೆಂಟಿನ ಕಂಬ ಬರುತ್ತೆ ಬರುತ್ತೆ ಅಂತ ಎಷ್ಟು ಎಲೆಕ್ಷನ್ನು ಆದವೋ.

ಕಾಗೆ ಬಂದು ತಟ್ಟೆ ಮೇಲೆ ಕೂರುತ್ತೆ. ಓಡಿಸೋದೂ ನಾನೇ.

೫ ಅಕ್ಟೋಬರ್

ಇವತ್ತು ಜಗಳ. ಎಮ್ಮೆ ಹಗ್ಗ ಕಿತ್ತುಕೊಂಡು ಭತ್ತಕ್ಕೆ ನುಗ್ಗಿತ್ತು. ಇವರು ಬದುವಿನ ಮೇಲೆ ಕೂತು ಬೀಡಿ ಸೇದುತ್ತಿದ್ದಾರೆ. ಬಾಯಿಗೆ ಬಂದ ಹಾಗೆ ಬೈದೆ. ಜೇಬಿಗೆ ಕೈ ಹಾಕಿದರು. ಸ್ವಿಚ್ಚು ಆಫ್. ಆಮೇಲೆ ನಗುತ್ತಾ ತಲೆ ಆಡಿಸುತ್ತಾರೆ — ಹೂಂ, ಹೂಂ. ಮಿಷನ್ನು ಬಂದ ಮೇಲೆ ಕಲಿತ ವಿದ್ಯೆ. ಅದಿಲ್ಲದೆ ಪಕ್ಕದಲ್ಲಿ ಸಿಡಿಲು ಬಡಿದರೂ ಕೇಳದು ಅವರಿಗೆ. ಇನ್ನು ನಾನು ಯಾವ ಲೆಕ್ಕ.

ಸಂಜೆ ಆನ್ ಮಾಡಿಕೊಂಡು ಬಂದು ಒಲೆ ಪಕ್ಕ ಕೂತರು. "ಈಗ ಬಯ್ಯಿ. ಮಿಕ್ಕಿದ್ದ ಬಯ್ಯಿ" ಅಂದರು. ಎಲ್ಲಿಂದ ಬೈಯಲಿ. ನಗು ಬಂತು. ತೋರಿಸಲಿಲ್ಲ.

೧೦ ಅಕ್ಟೋಬರ್, ಆಯುಧಪೂಜೆ

ನೇಗಿಲು, ಕುಡುಗೋಲು, ಮಚ್ಚು, ಸೈಕಲ್ಲು, ಹಾಲಿನ ಕ್ಯಾನು — ಎಲ್ಲಾ ತೊಳೆದು ಸಾಲಾಗಿ ಇಟ್ಟೆ. ಸೋಲಾರು ತಟ್ಟೆಯನ್ನು ಇವರು ಎಲ್ಲಕ್ಕಿಂತ ಮುಂದೆ ಇಟ್ಟರು. ಗಂಧ ಗಟ್ಟಿಯಾಗಿ ಕಲಸಿ ಗಾಜಿನ ಮೇಲೆ ಅಡ್ಡಡ್ಡ ಬಳಿದರು. ಮೇಲೆ ಅರಿಶಿನ, ಅಂಗೈಯಗಲ ಕುಂಕುಮ, ಸುತ್ತ ಚೆಂಡುಹೂವಿನ ಹಾರ. ನೇಗಿಲಿಗೂ ಅಷ್ಟಿಲ್ಲ. ಯಾಕೆ ಇದಕ್ಕೆ ಇಷ್ಟು ಅಂದೆ.

"ನೇಗ್ಲು ಅನ್ನ ಕೊಡ್ತು. ನಿನ್ ಮಾತ ಕೊಟ್ಟಿದ್ದು ಇದೇ ಕಣೆ" ಅಂದರು.

ವಯಸ್ಸಾದ ಮೇಲೆ ಹುಚ್ಚು ಅಂದೆ. ಒಳಗೆ ಹೋಗಿ ಒಬ್ಬಟ್ಟಿನ ಹಿಟ್ಟು ನಾದುತ್ತಾ ಕೂತೆ.

ಪೂಜೆ ಮಾಡಿದ ಕುಂಕುಮ ಒರೆಸಬಾರದು, ತಾನಾಗಿ ಉದುರಬೇಕು. ನಾಳೆ ಹಾಗೇ ಮೆದೆ ಮೇಲೆ ಇಡುತ್ತೇನೆ.

೧೩ ಅಕ್ಟೋಬರ್

ಕಡಸು ಕುಂಟುತ್ತಿದೆ, ಡಾಕ್ಟರಿಗೆ ಹೇಳಿ ಬನ್ನಿ ಅಂದೆ. ಹೂಂ. ಅದೇ ನಗು, ಅದೇ ತಲೆ ಆಡಿಸೋದು. ಹೋಗಲಿಲ್ಲ. ಮತ್ತೆ ಹೇಳಿದೆ. ಹೂಂ. ನಾನು ಬೈದೂ ಇಲ್ಲ, ಅಷ್ಟರಲ್ಲೇ ಸ್ವಿಚ್ಚು ಆಫ್! ಮಗಳು ಮಂಗಳ ದೀಪಾವಳಿಗೆ ಬರುತ್ತಾಳಂತೆ ಅಂದೆ. ಅದಕ್ಕೂ ಹೂಂ. ಮಗಳ ಹೆಸರಿಗೂ ಮುಖ ಅರಳಲಿಲ್ಲ.

ಸಂಜೆ ಗಂಟಲು ಒಣಗುವವರೆಗೆ ಮಾತಾಡಿದ್ದೇನೆ. ನಾನು ಬೆನ್ನು ತಿರುಗಿಸಿ ಪಾತ್ರೆ ಉಜ್ಜುವಾಗ ಹಿಂದೆ ಬಂದು ನಿಂತು, "ಏನಾರ ಮಾತಾಡೆ ಬೆಟ್ಟಿ" ಅಂತಾರೆ.

ಇದು ಗೇಲಿ ಅಲ್ಲದೆ ಇನ್ನೇನು. ಆಯಿತು. ಮಾತು ಬೇಡ ತಾನೇ. ಇನ್ನು ಈ ಬಾಯಿ ಬಿಚ್ಚುವುದಿಲ್ಲ.

೧೪ ಅಕ್ಟೋಬರ್

ಮಾತಿಲ್ಲ. ತಟ್ಟೆ ಮಾತ್ರ ಬಿಸಿಲಿಗೆ ಇಟ್ಟೆ. ನನ್ನ ಕೆಲಸ ನಾನು ಬಿಡುವವಳಲ್ಲ.

೧೮ ಅಕ್ಟೋಬರ್

ಊಟಕ್ಕೆ ಕೂತರೆ ನನ್ನ ಮುಖವನ್ನೇ ನೋಡುತ್ತಾರೆ. ಮುದ್ದೆ ಮುರಿಯುವುದಿಲ್ಲ, ಸಾರು ಆರುತ್ತೆ. ಬಾಯಿ ನೋಡುತ್ತಾರೆ, ಏನೋ ಉದುರುತ್ತೆ ಅನ್ನೋ ಹಾಗೆ. ಒಲೆ ಕಡೆ ತಿರುಗಿ ಕೂತೆ. ನೋಡಲಿ ಬೆನ್ನು.

ಸ್ವಿಚ್ಚು ಹಾಕಿಕೊಂಡು ಸೋತು ಬರಲಿ. ಬಂದ ದಿನ ಮಾತಾಡುತ್ತೇನೆ.

೨೨ ಅಕ್ಟೋಬರ್, ಪೇಟೆ ಆಸ್ಪತ್ರೆ

ಇವರು ನೆನ್ನೆ ನಾಲೆ ಏರಿ ಮೇಲೆ ಬಿದ್ದರು. ಬಲಗೈ ಬಲಗಾಲು ಸ್ವಾಧೀನ ಇಲ್ಲ. ಬಾಯಿ ಒಂದು ಪಕ್ಕಕ್ಕೆ. ಲಕ್ವ ಅಂದರು ಡಾಕ್ಟರು. ಮಾತು ನಿಂತಿದೆ. ಕಣ್ಣು ಬಿಡುತ್ತಾರೆ. ಕೂಗಿ ಕೂಗಿ ಕರೆದೆ. ನರ್ಸಮ್ಮ ಗದರಿದಳು.

ಜೇಬಿನಲ್ಲಿ ಮಿಷನ್ನು ಇತ್ತು. ಸ್ವಿಚ್ಚು ನೋಡಿದೆ.

ಆನ್ ಇತ್ತು.

೨೩ ಅಕ್ಟೋಬರ್

ಪಕ್ಕದ ಗದ್ದೆಯ ಕೆಂಪಣ್ಣ ನೋಡಲು ಬಂದಿದ್ದ. ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಹೇಳಿದ. ಹಬ್ಬ ಆದ ಮೇಲೆ ಇವರು ಅವನ ಹತ್ತಿರ ಅಂದರಂತೆ — "ನನ್ ಕಿವಿ ಪೂರ್ತಿ ವೋಯ್ತು ಕಣ್ಲಾ ಕೆಂಪ. ಸೆಲ್ಲು ಬದ್ಲಾಯ್ಸುದ್ರೂ ಇಲ್ಲ. ಬೆಟ್ಟಿಗೆ ಯೋಳ್ಬ್ಯಾಡ, ಅಳ್ತಾಳೆ. ಅವ್ಳು ಬಾಯಾಡ್ಸೋದ ನೋಡಿ ಒಂದೀಟು ತಿಳ್ಕೊತಿದ್ದೆ. ಈಗ ಅದ್ಯಾಕೋ ಬಾಯೂ ಆಡ್ಸಲ್ಲ. ನಾನೇನ್ ಮಾಡುದ್ನೋ."

ಮಿಷನ್ನು ತೆಗೆದು ಸ್ವಿಚ್ಚು ಇನ್ನೊಂದು ಸಲ ನೋಡಿದೆ.

ಮಧ್ಯಾಹ್ನ ನಾಗರಾಜು ತೋಟಕ್ಕೆ ಹೋಗಿ ಹಾಲು ಕರೆದು, ತಟ್ಟೆಯನ್ನೂ ತಂದ. ನನ್ನ ಮುಂದೆ ಇಟ್ಟ. "ಗಾಜು ಮುಚ್ಚೋಗದೆ ಅತ್ತೆ. ಹಬ್ಬದಿಂದ ಇದಕ್ಕೆ ಬಿಸ್ಲೇ ಬಿದ್ದಿಲ್ಲ. ಎಲ್ಡು ಸೆಲ್ಲೂ ಸತ್ತವೆ. ಮಾವನ ಕಿವಿಗೆ ಏನೂ ಆಗಿರ್ನಿಲ್ಲ" ಅಂದ, ಅಷ್ಟೇ.

ಆಸ್ಪತ್ರೆ ನಲ್ಲಿ ಕೆಳಗೆ ಹಿಡಿದು ಸೆರಗಿನಲ್ಲಿ ಉಜ್ಜಿದೆ. ಗಂಧ ಕಲ್ಲಾಗಿತ್ತು. ಉಗುರಿನಲ್ಲಿ ಕೆರೆದೆ. ದೇವರು ಏನು ಬೇಕಾದರೂ ಮಾಡಿಕೊಳ್ಳಲಿ.

೨೪ ಅಕ್ಟೋಬರ್, ಮಧ್ಯಾಹ್ನ

ಆಸ್ಪತ್ರೆ ಅಂಗಳ. ತಟ್ಟೆ ತೊಡೆ ಮೇಲೆ. ಮೋಡ ಬಿಡುತ್ತಿಲ್ಲ. ಎಲ್ಲಿ ಒಂದು ಬೊಗಸೆ ಬಿಸಿಲು ಬಿದ್ದರೆ ಅಲ್ಲಿಗೆ ಎದ್ದು ಹೋಗಿ ಕೂರುತ್ತೇನೆ. ಯಾವನೋ ಒಬ್ಬ, ಏನಜ್ಜಿ ಅದು, ಕನ್ನಡಿಯಾ ಅಂದ. ಹೂಂ, ನಿನ್ನ ಮೂತಿ ನೋಡ್ಕೊ ಬಾ ಅಂದೆ.

ಸಂಜೆ

ನಾಲ್ಕಕ್ಕೆ ಒಳಗೆ ಬಿಟ್ಟರು. ಸೆಲ್ಲು ಒಂದು ಗುಟುಕು ಬಿಸಿಲು ಕುಡಿದಿತ್ತು, ಅಷ್ಟೇ. ಮಿಷನ್ನಿಗೆ ಹಾಕಿ ಕಿವಿಗೆ ಸಿಕ್ಕಿಸಿದೆ. "ನಾನು ಕಣ್ರೀ, ಬೆಟ್ಟಿ" ಅಂದೆ. ಕಣ್ಣು ಬೇರೆ ಕಡೆ ಇತ್ತು. ಸರಕ್ಕನೆ ನನ್ನ ಕಡೆ ತಿರುಗಿತು. ಕೇಳಿಸಿತು. ಕೇಳಿಸಿತು ಅವರಿಗೆ. ಎಡಗೈಯಲ್ಲಿ ನನ್ನ ಮುಂಗೈ ಹಿಡಿದುಕೊಂಡರು.

"ನಾನು ಮಾತು ಬುಟ್ಟಿದ್ದು ಯಾಕಂದ್ರೆ..."

ಅಷ್ಟೇ ಅಂದದ್ದು. ಕಣ್ಣಿನಲ್ಲಿ ಬಂದಿದ್ದ ಬೆಳಕು ಹೋಯಿತು. ಸೆಲ್ಲು ಮುಗಿದಿತ್ತು. ಮಿಕ್ಕಿದ್ದನ್ನು ಬಾಯಿ ಅಗಲಿಸಿ ನಿಧಾನವಾಗಿ ಆಡಿಸಿ ತೋರಿಸಿದೆ. ಅವರ ಕಣ್ಣು ತುಂಬಿತ್ತು. ನನ್ನ ಬಾಯಿ ಕಂಡಿತೋ ಇಲ್ಲವೋ.

ಯಾಕೆ ಅನ್ನೋದೇ ಹೇಳಲಿಲ್ಲ. ಮುನಿಸಿಕೊಂಡು ಬಿಟ್ಟೆ, ಬೇಡವಾಗಿ ಬಿಟ್ಟೆ ಅಂತಲೇ ಮಲಗಿದ್ದಾರೆ.

೨೬ ಅಕ್ಟೋಬರ್

ನೆನ್ನೆ ಮಳೆ. ಇವತ್ತೂ ಮಳೆ. ಅಂಗಡಿಯಲ್ಲಿ ಹೇಗಾದರೂ ಮಾಡಿ ಸೆಲ್ಲನ್ನು ಕರೆಂಟಿಗೆ ಹಾಕುತ್ತೇನೆ ಅಂತ ನಾಗರಾಜು ಹೋದ. ಗಾಳಿಗೆ ಲೈನು ಬಿದ್ದು ಆ ಬೀದಿಗೇ ಕರೆಂಟಿಲ್ಲ. ನೆನೆದುಕೊಂಡು ವಾಪಸು ಬಂದ.

ಕಫ ಎದೆಗೆ ಕಟ್ಟಿದೆಯಂತೆ. ಉಸಿರು ಎಳೆಯುವುದು ವರಾಂಡದವರೆಗೂ ಕೇಳುತ್ತೆ. ಡಾಕ್ಟರು ಮಂಗಳನನ್ನು ಪಕ್ಕಕ್ಕೆ ಕರೆದು ಮಾತಾಡಿದರು. ಅವಳು ನನ್ನ ಮುಖ ನೋಡದೆ ಒಳಗೆ ಹೋದಳು.

ಉದ್ದ ಮಾತು ಬೇಡ. ಸೆಲ್ಲು ನಿಲ್ಲುವುದಿಲ್ಲ. ಮೊದಲು ಕಾರಣ ಹೇಳಿಬಿಡಬೇಕು. ನೀವು ಸ್ವಿಚ್ಚು ಆಫ್ ಮಾಡಿಕೊಂಡಿದ್ದೀರಿ ಅಂದುಕೊಂಡೆ. ನಿಮ್ಮ ಕಿವಿ ಹೋಗಿಲ್ಲ. ನೀವು ನನಗೆ ಬೇಡವಾಗಿಲ್ಲ. ಅಷ್ಟೇ. ಇಷ್ಟು ವರ್ಷದಲ್ಲಿ ಇಂಥ ಮಾತು ಒಂದು ಸಲವೂ ಆಡಿದವಳಲ್ಲ. ಬಾಯಿಗೆ ಬರುತ್ತೋ ಇಲ್ಲವೋ ಅಂತ ನಲ್ಲಿ ಹತ್ತಿರ ನಿಂತು ಹೇಳಿ ನೋಡಿದೆ. ಬಂತು.

೨೭ ಅಕ್ಟೋಬರ್, ಬೆಳಿಗ್ಗೆ

ಬಿಸಿಲು ಬಂದಿದೆ. ಕಣ್ಣು ಬಿಡಲಾಗದ ಬಿಸಿಲು. ಹೊತ್ತು ಹುಟ್ಟಿದಾಗಿನಿಂದ ಅಂಗಳದಲ್ಲೇ ಇದ್ದೇನೆ. ಕಾಫಿಗೂ ಎದ್ದಿಲ್ಲ. ನಾಲ್ಕರ ಹೊತ್ತಿಗೆ ಪೂರ್ತಿ ತುಂಬುತ್ತೆ. ನಾಲ್ಕರವರೆಗೆ ಕಾಯಬೇಡಿ, ಯಾವಾಗ ಬೇಕಾದರೂ ಒಳಗೆ ಬನ್ನಿ ಅಂದಳು ನರ್ಸಮ್ಮ. ಒಳ್ಳೆಯವಳು. ಆದರೂ ಸೆಲ್ಲು ತುಂಬಲಿ. ಈ ಸಲ ಅರ್ಧಕ್ಕೆ ನಿಲ್ಲಬಾರದು.

ನಾಗರಾಜು ವಾರ್ಡಿನಿಂದ ಇಳಿದು ಬಂದ. ಇನ್ನು ಸ್ವಲ್ಪ ಹೊತ್ತು ಕಣಪ್ಪ ಅಂದೆ. ಅವನು ಎದುರಿಗೆ ಕುಕ್ಕರುಗಾಲಲ್ಲಿ ಕೂತು ತಟ್ಟೆ ತೆಗೆದುಕೊಳ್ಳಲು ಕೈ ಚಾಚಿದ. ನಾನು ಕೊಡಲಿಲ್ಲ.

"ಇನ್ ಬ್ಯಾಡ, ಬುಡಿ ಅತ್ತೆ" ಅಂದ.

ಯಾಕೆ ಬೇಡ. ಈಗ ತಾನೇ ಬಿಸಿಲು ನೇರಕ್ಕೆ ಬಿದ್ದಿದೆ. ನೆರಳು ಮಾಡಬೇಡ, ಆಚೆ ಸರಿ ಅಂದೆ. ಸರಿಯುತ್ತಿಲ್ಲ. ಒಳಗೆ ಮಂಗಳ ಯಾಕೆ ಹಾಗೆ ಅಪ್ಪಾ ಅಪ್ಪಾ ಅಂತ...